ಡಿಸ್ಚಾರ್ಜ್ ಚೀಟಿಯ ಆಚೆಗಿನ ಪ್ರಶ್ನೆಗಳು

ಉಗಾಂಡ ದೇಶದ ಎಂಬರಾರ ಪಟ್ಟಣದಲ್ಲಿ ಸೋಂಕಿನಿಂದ ಆಸ್ಪತ್ರೆ ಸೇರಿದ ಐದು ವರ್ಷದೊಳಗಿನ 1,307 ಮಕ್ಕಳನ್ನು ಸಂಶೋಧಕರ ಒಂದು ತಂಡ ಗುರುತಿಟ್ಟುಕೊಂಡಿತು. ಸಾಮಾನ್ಯವಾಗಿ ಇಂಥ ಅಧ್ಯಯನ ಮಗು ವಾರ್ಡಿನಿಂದ ಹೊರಟ ದಿನ ಮುಗಿಯುತ್ತದೆ. ಇವರು ಅಲ್ಲಿಗೆ ನಿಲ್ಲಿಸದೆ ಮುಂದಿನ ಆರು ತಿಂಗಳೂ ಆ ಮಕ್ಕಳ ಮನೆಯವರನ್ನು ವಿಚಾರಿಸುತ್ತ ಹೋದರು. 2015ರಲ್ಲಿ ಪ್ರಕಟವಾದ ಲೆಕ್ಕ ಇದು: ಆಸ್ಪತ್ರೆಯಲ್ಲಿದ್ದಾಗ ತೀರಿಕೊಂಡ ಮಕ್ಕಳು 65. ಗುಣವಾಯಿತೆಂದು ಮನೆಗೆ ಕಳಿಸಿದ ಮೇಲೆ ತೀರಿಕೊಂಡ ಮಕ್ಕಳು 61. ಹಾಗೆ ಮನೆಗೆ ಹೋಗಿ ತೀರಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳ ಸಾವು ಆಸ್ಪತ್ರೆಯ ಹೊರಗೇ ಆಗಿತ್ತು.

ಇದು ಒಂದು ಊರಿನ ಕಥೆಯಾಗಿ ಉಳಿಯಲಿಲ್ಲ. ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಆರು ದೇಶಗಳ ಒಂಬತ್ತು ಆಸ್ಪತ್ರೆಗಳಲ್ಲಿ ಎರಡು ವರ್ಷದೊಳಗಿನ 3,101 ಮಕ್ಕಳನ್ನು ಇದೇ ರೀತಿ ಗಮನಿಸಿದ ಅಧ್ಯಯನ 2022ರಲ್ಲಿ ಹೊರಬಂತು. ನಮ್ಮ ನೆರೆಯ ಬಾಂಗ್ಲಾದೇಶ, ಪಾಕಿಸ್ತಾನಗಳೂ ಅದರಲ್ಲಿದ್ದವು. ಒಟ್ಟು 350 ಮಕ್ಕಳು ತೀರಿಕೊಂಡರು. ಅವರಲ್ಲಿ 168 ಮಕ್ಕಳು ತೀರಿಕೊಂಡದ್ದು ಡಿಸ್ಚಾರ್ಜ್ ಆದ ಮೇಲೆ. ಹೆಚ್ಚುಕಡಿಮೆ ಅರ್ಧಕ್ಕರ್ಧ. ಈ ಸಾವುಗಳು ಅಧ್ಯಯನ ನಡೆದ ವರ್ಷ ಶುರುವಾದವಲ್ಲ. ಆಯಾ ಊರಿನ ತಾಯಂದಿರಿಗೆ, ಅಜ್ಜಿಯರಿಗೆ, ಹೆಣ ಹೊತ್ತ ಚಿಕ್ಕಪ್ಪಂದಿರಿಗೆ ಅವು ಮೊದಲಿನಿಂದಲೂ ಗೊತ್ತಿದ್ದವು. ಆದರೆ ಏನನ್ನು ಎಣಿಸಬೇಕು ಎಂದು ತೀರ್ಮಾನಿಸುವ ಕೊಠಡಿಯಲ್ಲಿ ಅವರಾರೂ ಇರಲಿಲ್ಲ. ಅಲ್ಲಿ ಕುಳಿತವರ ಹೊಣೆ ಡಿಸ್ಚಾರ್ಜ್ ಚೀಟಿಗೆ ಸಹಿ ಬಿದ್ದಾಗ ಮುಗಿಯುತ್ತಿತ್ತು. ಮನೆಯವರ ಹೊಣೆ ಶುರುವಾಗುತ್ತಿದ್ದದ್ದೇ ಆಗ.

ಆಸ್ಪತ್ರೆಯಲ್ಲಿರುವ ಮಕ್ಕಳ ಬಗ್ಗೆ ಯಾವ ಸಂಶೋಧನೆ ಮೊದಲು ನಡೆಯಬೇಕು ಎಂದು ನಿರ್ಧರಿಸುವಾಗ ಮನೆಯವರನ್ನೂ, ಹಗಲೂ ರಾತ್ರಿ ಮಂಚದ ಪಕ್ಕ ನಿಲ್ಲುವ ನರ್ಸು ಮತ್ತು ವೈದ್ಯರನ್ನೂ ಹೊರಗಿಟ್ಟರೆ ಹೀಗಾಗುತ್ತದೆ. ಹಾನಿ ನಡೆಯುತ್ತಲೇ ಇರುತ್ತದೆ, ಅದು ವಿಜ್ಞಾನದ ಕಣ್ಣಿಗೆ ಬೀಳಲು ದಶಕಗಳು ಹಿಡಿಯುತ್ತವೆ. ನಮ್ಮ ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಅಂಥ ಹಾನಿ ಈಗ ಬೆಳೆಯುತ್ತಿದೆ ಎಂಬುದು ನನ್ನ ಆತಂಕ. ಅದಕ್ಕೆ ಆಧಾರಗಳಿವೆ.

ಮೊದಲು ಹಿಂದೆ ಆದದ್ದನ್ನು ನೋಡೋಣ. 1985ರಲ್ಲಿ ಅಮೆರಿಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಒಂದು ಕೂಸಿಗೆ ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿದರು. ಮಗು ಅಲುಗಾಡದಂತೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿ ಕೊಟ್ಟಿದ್ದರು. ನೋವು ತಿಳಿಯದಂತೆ ಮಾಡುವ ಔಷಧಿ ಕೊಟ್ಟಿರಲಿಲ್ಲ. ಮಗು ತೀರಿಕೊಂಡ ಮೇಲೆ ದಾಖಲೆಗಳನ್ನು ಓದಿದ ತಾಯಿಗೆ ಇದು ಗೊತ್ತಾಯಿತು. ಕೇಳಿದಾಗ ಬಂದ ಉತ್ತರ, ಅಷ್ಟು ಚಿಕ್ಕ ಶಿಶುಗಳಿಗೆ ನೋವಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಎಂಬುದು. ಆ ವೈದ್ಯರು ಕ್ರೂರಿಗಳಾಗಿರಲಿಲ್ಲ. ಅರಿವಳಿಕೆಯೇ ಆ ಎಳೆಯ ಜೀವವನ್ನು ತೆಗೆದೀತು ಎಂಬ ಭಯ ಅವರಿಗಿತ್ತು, ಮತ್ತು ಅಂದಿನ ಪಠ್ಯವೂ ಹಾಗೆಯೇ ಹೇಳುತ್ತಿತ್ತು. ಆ ತಾಯಿ ಪತ್ರ ಬರೆಯುವುದನ್ನು ಬಿಡಲಿಲ್ಲ, 1986ರಲ್ಲಿ ವಿಷಯ ಪತ್ರಿಕೆಗಳಿಗೆ ಬಂತು. ಅದೇ ಹೊತ್ತಿಗೆ ಆಕ್ಸ್‌ಫರ್ಡ್‌ನಲ್ಲಿ, ಇಂದೋರಿನಲ್ಲಿ ವೈದ್ಯಕೀಯ ಓದಿ ಹೋಗಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಇದೇ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ್ದರು. 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವರ ಫಲಿತಾಂಶದ ಪ್ರಕಾರ, ಫೆಂಟನಿಲ್ ಎಂಬ ನೋವು ನಿವಾರಕ ಪಡೆದ ಶಿಶುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಏರಿದ್ದವು, ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳೂ ಕಡಿಮೆ ಇದ್ದವು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ ನಿಲುವನ್ನು ತಿದ್ದಿತು. ಕೂಸಿಗೆ ನೋವಾಗುತ್ತದೆಯೇ ಎಂದು ಯಾವ ತಾಯಿಯನ್ನು, ಯಾವ ನರ್ಸನ್ನು ಕೇಳಿದ್ದರೂ ಈ ಪ್ರಶ್ನೆ ಪಟ್ಟಿಯ ತುದಿಗೆ ಬಂದಿರುತ್ತಿತ್ತು. ಕೇಳಲಿಲ್ಲ.

ಲಂಡನ್ನಿನ ಮಕ್ಕಳ ವಾರ್ಡುಗಳ ಕಥೆ ಇನ್ನೂ ಹಳೆಯದು. 1949ರ ಒಂದು ಸಮೀಕ್ಷೆಯ ಹೊತ್ತಿಗೆ ಗೈಸ್ ಆಸ್ಪತ್ರೆಯಲ್ಲಿ ತಾಯ್ತಂದೆಯರಿಗೆ ಮಗುವನ್ನು ನೋಡಲು ಅವಕಾಶವಿದ್ದದ್ದು ಭಾನುವಾರ ಎರಡು ಗಂಟೆಯ ಕಾಲ ಮಾತ್ರ. ಹೆತ್ತವರು ಬಂದು ಹೋದರೆ ಮಕ್ಕಳು ಅಳುತ್ತವೆ, ಸೋಂಕು ತರುತ್ತಾರೆ ಎಂಬುದು ಕಾರಣ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಎರಡು ವರ್ಷದ ಒಬ್ಬ ಹುಡುಗಿಯ ಆಸ್ಪತ್ರೆವಾಸವನ್ನು ಚಿತ್ರೀಕರಿಸಿ ತೋರಿಸಿದಾಗ ಅನೇಕ ವೈದ್ಯರು ಸಿಟ್ಟಾದರು. 1959ರಲ್ಲಿ ಸರ್ಕಾರಿ ಸಮಿತಿಯೊಂದರ ಪ್ಲಾಟ್ ವರದಿ ಭೇಟಿಗೆ ನಿರ್ಬಂಧ ಬೇಡ ಎಂದು ಶಿಫಾರಸು ಮಾಡಿತು. ವರದಿ ಕಪಾಟಿನಲ್ಲೇ ಉಳಿಯುವಂತಾದಾಗ 1961ರಲ್ಲಿ ಬ್ಯಾಟರ್‌ಸೀ ಭಾಗದ ತಾಯಂದಿರು ಸಂಘ ಕಟ್ಟಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು.

ಮೂರನೆಯ ಕಥೆ ಆಮ್ಲಜನಕದ್ದು, ಅದು ನಮ್ಮಲ್ಲಿ ಇನ್ನೂ ಮುಗಿದಿಲ್ಲ. 1940ರ ದಶಕದಲ್ಲಿ ಅವಧಿಪೂರ್ವ ಶಿಶುಗಳಿಗೆ ಉದಾರವಾಗಿ ಆಮ್ಲಜನಕ ಕೊಟ್ಟರು. ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕುರುಡಾದರು. 1953–54ರಲ್ಲಿ ಅಮೆರಿಕದ 18 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ ಕಾರಣವನ್ನು ಎತ್ತಿ ತೋರಿಸಿತು. ಕೂಡಲೇ ಎಲ್ಲೆಡೆ ಆಮ್ಲಜನಕಕ್ಕೆ ಕಡಿವಾಣ ಬಿತ್ತು. ಈಗ ಕಣ್ಣು ಉಳಿದವು, ಉಸಿರು ನಿಂತಿತು. ರಕ್ತದಲ್ಲಿ ಆಮ್ಲಜನಕ ಎಷ್ಟಿದ್ದರೆ ಸರಿ ಎಂಬ ಪ್ರಶ್ನೆಗೆ ಗಟ್ಟಿ ಪ್ರಯೋಗಗಳು ಬಂದದ್ದು 2010ರಿಂದ ಈಚೆಗೆ. ಸುಮಾರು 5,000 ಶಿಶುಗಳ ಮೇಲೆ ನಡೆದ ಆ ಪ್ರಯೋಗಗಳಲ್ಲಿ ಶೇಕಡ 85ರಿಂದ 89ರ ಮಟ್ಟದಲ್ಲಿಟ್ಟ ಮಕ್ಕಳಲ್ಲಿ ಕಣ್ಣಿನ ಹಾನಿ ಕಡಿಮೆ, ಸಾವು ಹೆಚ್ಚು. 91ರಿಂದ 95ರ ಮಟ್ಟದಲ್ಲಿ ಅದಕ್ಕೆ ತದ್ವಿರುದ್ಧ. ಇಷ್ಟು ತಿಳಿಯಲು ಅರವತ್ತು ವರ್ಷ.

ಆ ಕಣ್ಣಿನ ರೋಗ ಈಗ ನಮ್ಮ ಘಟಕಗಳಲ್ಲಿದೆ. ಅಮೆರಿಕದಲ್ಲಿ 1,500 ಗ್ರಾಂ ತೂಕದೊಳಗೆ ಅಥವಾ 30 ವಾರದೊಳಗೆ ಹುಟ್ಟಿದ ಮಕ್ಕಳ ಕಣ್ಣಿನ ತಪಾಸಣೆ ಮಾಡಿದರೆ ಬಹುಮಟ್ಟಿಗೆ ಸಾಕು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕೂಸುಗಳಿಗೂ ರೆಟಿನಾ ಹಾಳಾಗುತ್ತದೆ. ಅದಕ್ಕೇ ರಾಷ್ಟ್ರೀಯ ಮಾರ್ಗಸೂಚಿ 2,000 ಗ್ರಾಂ, 34 ವಾರ ಎಂದು ಗೆರೆ ಎಳೆದಿದೆ. ಹೊರಗಿನ ಗೆರೆಯನ್ನೇ ನಂಬಿದ್ದರೆ ಎಷ್ಟು ಮಕ್ಕಳು ಕತ್ತಲಿಗೆ ಬೀಳುತ್ತಿದ್ದರೋ. 2008ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದ ‘ಕಿಡ್‌ರಾಪ್’ ಕಾರ್ಯಕ್ರಮ ಜಿಲ್ಲೆಗಳ ಘಟಕಗಳಿಗೆ ಕ್ಯಾಮೆರಾ ಒಯ್ದು, ತರಬೇತಾದ ತಂತ್ರಜ್ಞರಿಂದ ಕಣ್ಣಿನ ಚಿತ್ರ ತೆಗೆಸಿ, ದೂರದಿಂದಲೇ ಓದಿ ಹೇಳುತ್ತ ಬಂದಿದೆ. ಆದರೆ ಕಣ್ಣು ಹಾಳಾಗದಂತೆ ನೋಡಿಕೊಳ್ಳುವ ಕೆಲಸ ಅದಕ್ಕೆ ಮೊದಲೇ, ಮಗುವನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದಲ್ಲಿ ನಡೆಯಬೇಕು. ಗಾಳಿ ಬೆರೆಸುವ ಬ್ಲೆಂಡರ್ ಇಲ್ಲದ ಕಡೆ, ಒಬ್ಬ ಸಿಸ್ಟರ್ ರಾತ್ರಿಯಿಡೀ ಹಲವು ಮಕ್ಕಳನ್ನು ನೋಡಿಕೊಳ್ಳುವ ಕಡೆ, ಆಮ್ಲಜನಕವನ್ನು ಸರಿಯಾದ ಮಿತಿಯಲ್ಲಿ ಹಿಡಿದಿಡುವುದು ಹೇಗೆ? ಇದನ್ನು ಕೇಳಬಲ್ಲವರು ಆ ಪಾಳಿ ಮಾಡಿದವರು.

ಕೇಳುವವರಿಗೂ ನಡೆಯುವ ಸಂಶೋಧನೆಗೂ ಎಷ್ಟು ದೂರ ಎಂಬುದನ್ನು ಅಳೆದವರಿದ್ದಾರೆ. ಬ್ರಿಟನ್ನಿನಲ್ಲಿ ರೋಗಿಗಳು ಮತ್ತು ವೈದ್ಯರು ಕೂಡಿ ಆರಿಸಿದ ಚಿಕಿತ್ಸಾ ಪ್ರಶ್ನೆಗಳನ್ನೂ ಅಲ್ಲಿ ನೋಂದಾಯಿತವಾದ ಪ್ರಯೋಗಗಳನ್ನೂ 2015ರಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. ಜನ ಆರಿಸಿದ ಪ್ರಶ್ನೆಗಳಲ್ಲಿ ಔಷಧಿಗೆ ಸಂಬಂಧಿಸಿದವು 18 ಶೇಕಡ. ಸರ್ಕಾರಿ ಮತ್ತು ದತ್ತಿ ಹಣದ ಪ್ರಯೋಗಗಳಲ್ಲಿ 37 ಶೇಕಡ. ಕಂಪನಿಗಳ ಪ್ರಯೋಗಗಳಲ್ಲಿ 86 ಶೇಕಡ. ಔಷಧಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಉಣಿಸುವುದು, ನೋವು ಕಡಿಮೆ ಮಾಡುವುದು, ಮನೆಯವರಿಗೆ ತಿಳಿಸಿ ಹೇಳುವುದು, ವ್ಯಾಯಾಮ, ಮನೆಗೆ ಕಳಿಸುವ ರೀತಿ ಇವೆಲ್ಲ ಮಾರುವ ಸರಕುಗಳಲ್ಲವಾದ್ದರಿಂದ ಅವುಗಳ ಬೆನ್ನಿಗೆ ಹಣ ನಿಲ್ಲುವುದಿಲ್ಲ. ಜಗತ್ತಿನ ವೈದ್ಯಕೀಯ ಸಂಶೋಧನೆಗೆ ಸುರಿಯುವ ಹಣದಲ್ಲಿ 85 ಶೇಕಡ ತಪ್ಪಿಸಬಹುದಾದ ಕಾರಣಗಳಿಂದ ವ್ಯರ್ಥವಾಗುತ್ತಿದೆ ಎಂದು ಸಂಶೋಧಕರಾದ ಇಯಾನ್ ಚಾಮರ್ಸ್ ಮತ್ತು ಪಾಲ್ ಗ್ಲಾಸ್ಯೂ 2009ರಲ್ಲಿ ಅಂದಾಜು ಮಾಡಿದಾಗ ಅವರು ತೋರಿಸಿದ ಮೊದಲ ಸೋರಿಕೆ ಇದೇ: ರೋಗಿಗೂ ವೈದ್ಯನಿಗೂ ಬೇಡದ ಪ್ರಶ್ನೆಯನ್ನು ಆರಿಸಿಕೊಳ್ಳುವುದು.

ಚಾಮರ್ಸ್ ಸೇರಿದಂತೆ ಕೆಲವರು 2004ರಲ್ಲಿ ಬ್ರಿಟನ್ನಿನಲ್ಲಿ ‘ಜೇಮ್ಸ್ ಲಿಂಡ್ ಒಕ್ಕೂಟ’ವನ್ನು ಕಟ್ಟಿದ್ದು ಈ ಕಾರಣಕ್ಕೆ. 1747ರಲ್ಲಿ ಹಡಗಿನ ಮೇಲೆ ಸ್ಕರ್ವಿ ರೋಗಿಗಳಿಗೆ ಬೇರೆಬೇರೆ ಪಥ್ಯ ಕೊಟ್ಟು ಹೋಲಿಸಿ ನೋಡಿದ ವೈದ್ಯನ ಹೆಸರು ಅದಕ್ಕೆ. ಅದರ ಕ್ರಮ ಸರಳ, ಆದರೆ ಸಡಿಲವಲ್ಲ. ಒಂದು ಕಾಯಿಲೆಯ ರೋಗಿಗಳು, ಅವರನ್ನು ನೋಡಿಕೊಳ್ಳುವ ಮನೆಯವರು, ಚಿಕಿತ್ಸೆ ಕೊಡುವ ವೈದ್ಯರು, ನರ್ಸುಗಳು, ಫಿಸಿಯೋಥೆರಪಿಸ್ಟರು ತಮಗೆ ಉತ್ತರ ಸಿಗದ ಪ್ರಶ್ನೆಗಳನ್ನು ತಮ್ಮ ಮಾತಿನಲ್ಲೇ ಬರೆದು ಕಳಿಸುತ್ತಾರೆ. ಅವುಗಳನ್ನು ಒಟ್ಟುಗೂಡಿಸಿ, ಈಗಾಗಲೇ ಉತ್ತರ ಸಿಕ್ಕಿರುವ ಪ್ರಶ್ನೆಗಳನ್ನು ಸಂಶೋಧನಾ ಸಾಹಿತ್ಯ ಹುಡುಕಿ ತೆಗೆದುಹಾಕುತ್ತಾರೆ. ಉಳಿದವಕ್ಕೆ ಮತ ಬೀಳುತ್ತದೆ. ಕೊನೆಗೆ ತಾಯ್ತಂದೆಯರೂ ವೈದ್ಯರೂ ಒಂದೇ ಮೇಜಿನ ಸುತ್ತ ಕುಳಿತು ಮೊದಲ ಹತ್ತನ್ನು ಆರಿಸುತ್ತಾರೆ. ಔಷಧಿ ಕಂಪನಿಗೆ ಅಲ್ಲಿ ಜಾಗವಿಲ್ಲ. ಚಿಕಿತ್ಸೆ ಕೊಡದ, ಸಂಶೋಧನೆಯನ್ನಷ್ಟೇ ಮಾಡುವವರಿಗೆ ಮತವಿಲ್ಲ.

ಹೀಗೆ ಆರಿಸಿದಾಗ ಪಟ್ಟಿಯ ಮುಖಚಹರೆಯೇ ಬದಲಾಗುತ್ತದೆ. ಅವಧಿಪೂರ್ವ ಹೆರಿಗೆಯ ಬಗ್ಗೆ 2014ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಸೋಂಕು, ಶ್ವಾಸಕೋಶದ ಹಾನಿ, ಕರುಳಿನ ರೋಗಗಳ ಜೊತೆಗೇ ಮಗುವಿಗೆ ಹಾಲನ್ನು ಎಷ್ಟು, ಎಷ್ಟು ಬೇಗ ಹೆಚ್ಚಿಸಬೇಕು ಎಂಬುದೂ, ಮಗುವನ್ನು ಮನೆಗೆ ಕಳಿಸುವಾಗ ಹೆತ್ತವರಿಗೆ ಯಾವ ಬೆಂಬಲ ಬೇಕು ಎಂಬುದೂ ಸೇರಿದವು. ಮಕ್ಕಳ ಕ್ಯಾನ್ಸರ್ ಕುರಿತು 2023ರಲ್ಲಿ ಬಂದ ಬ್ರಿಟನ್ನಿನ ಪಟ್ಟಿಗೆ ಮಕ್ಕಳನ್ನೇ ಕೇಳಿದ್ದರು. ಮಗುವಿಗೆ ಕಡಿಮೆ ಸಂಕಟ ಕೊಡುವ ಚಿಕಿತ್ಸೆ ಸಾಧ್ಯವೇ ಎಂಬುದು ಮೊದಲ ಸ್ಥಾನದಲ್ಲಿ ನಿಂತಿತು. ಆಸ್ಪತ್ರೆಯ ಊಟ, ಆಟಿಕೆ, ಇಂಟರ್ನೆಟ್, ಮನೆಯವರು ಬಂದುಹೋಗುವ ಸ್ವಾತಂತ್ರ್ಯ ಇವುಗಳಿಂದ ಆಸ್ಪತ್ರೆವಾಸವನ್ನು ಸಹ್ಯವಾಗಿಸುವುದು ಹೇಗೆ ಎಂಬುದೂ ಹತ್ತರೊಳಗೆ ಬಂತು. ಕೆನಡಾದಲ್ಲಿ ಆಸ್ಪತ್ರೆಗೆ ದಾಖಲಾಗುವ ಮಕ್ಕಳ ಬಗ್ಗೆ ಮನೆಯವರು ಮತ್ತು ವೈದ್ಯರು ಸೇರಿ ಮಾಡಿದ, 2022ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಸಿಬ್ಬಂದಿ ಮತ್ತು ಮನೆಯವರ ನಡುವಿನ ಮಾತುಕತೆ, ಒಟ್ಟಾಗಿ ನಿರ್ಧಾರ ಮಾಡುವುದು, ಮಾನಸಿಕ ಆರೋಗ್ಯ, ಆಸ್ಪತ್ರೆವಾಸವನ್ನು ಕಡಿಮೆ ಮಾಡುವುದು, ಆ ನೆಲದ ಮೂಲನಿವಾಸಿ ಕುಟುಂಬಗಳ ಆರೈಕೆ ಇವು ಮೇಲೆ ಬಂದವು. ಅದಕ್ಕೆ ಹತ್ತು ವರ್ಷ ಮೊದಲು ಅಮೆರಿಕದ ಮಕ್ಕಳ ಆಸ್ಪತ್ರೆಗಳ ಒಂದು ಜಾಲ ದಾಖಲಾತಿಯ ಸಂಖ್ಯೆ, ಖರ್ಚು, ಆಸ್ಪತ್ರೆಯಿಂದ ಆಸ್ಪತ್ರೆಗೆ ಖರ್ಚಿನಲ್ಲಿರುವ ವ್ಯತ್ಯಾಸ ಇವನ್ನು ಹಿಡಿದು ಆದ್ಯತೆ ನಿಗದಿ ಮಾಡಿತ್ತು. ಅದೂ ಬೆಲೆಯುಳ್ಳ ಕೆಲಸವೇ. ಆದರೆ ಬಿಲ್ಲಿನಲ್ಲಿ ಕಾಣದ ಕಷ್ಟ ಆ ಲೆಕ್ಕದಲ್ಲೂ ಕಾಣುವುದಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ತಾಯಿ-ಮಗುವಿನ ಆರೋಗ್ಯ ಮತ್ತು ಪೋಷಣೆಯ ಸಂಶೋಧನೆಗೆ ಆದ್ಯತೆ ಗೊತ್ತುಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಇನ್‌ಕ್ಲೆನ್ ಸಂಸ್ಥೆ ದೊಡ್ಡ ಪ್ರಯತ್ನ ಮಾಡಿ 2017ರಲ್ಲಿ ಪ್ರಕಟಿಸಿದವು. 256 ಸಂಸ್ಥೆಗಳ ತಜ್ಞರು, 4,000ಕ್ಕೂ ಹೆಚ್ಚು ಸಂಶೋಧನಾ ವಿಚಾರಗಳು. ಅಷ್ಟು ದೊಡ್ಡ ಕೆಲಸ ಬೇರೆ ಕಡೆ ವಿರಳ. ಅದನ್ನು ಮಾಡಿದವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ವಿಚಾರ ಕೊಟ್ಟವರೂ ಅಂಕ ಹಾಕಿದವರೂ ತಜ್ಞರೇ. ವಾರ್ಮರ್ ಮೇಲಿನ ಮಗುವಿನ ತಾಯಿ ಆ ಎಣಿಕೆಯಲ್ಲಿ ವಿಷಯವಾಗಿ ಇದ್ದಳು, ಕೇಳುವವಳಾಗಿ ಇರಲಿಲ್ಲ. ನಮ್ಮ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಒಬ್ಬ ಸಾಮಾನ್ಯ ನಾಗರಿಕ ಇರಬೇಕು, ಹೆತ್ತವರ ಒಪ್ಪಿಗೆ ಪಡೆಯಬೇಕು, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಇವೆಲ್ಲ ಬರುವುದು ಪ್ರಶ್ನೆ ತೀರ್ಮಾನವಾದ ನಂತರ. ಮನೆಯವರಿಗೆ ಉಳಿಯುವ ಅಧಿಕಾರ ಹೆಬ್ಬೆಟ್ಟು ಒತ್ತುವುದು ಅಥವಾ ಒತ್ತದಿರುವುದು.

2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುನ್ನ ಹುಟ್ಟಿದರು, ಜಗತ್ತಿನಲ್ಲೇ ಅತಿ ಹೆಚ್ಚು. ವಿಶೇಷ ನವಜಾತ ಶಿಶು ಘಟಕಗಳು ಇಂದು ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳಿಗೂ ಬಂದಿವೆ. ಹಿಂದೆ ಮೊದಲ ದಿನವೇ ಕಣ್ಮುಚ್ಚುತ್ತಿದ್ದ ಮಕ್ಕಳು ಈಗ ಬದುಕಿ ಮನೆಗೆ ಹೋಗುತ್ತಿದ್ದಾರೆ. ಇದು ನಿಜವಾದ ಗೆಲುವು. ಆದರೆ ಘಟಕದಲ್ಲಿ ಕಳೆಯುವ ಪ್ರತಿ ದಿನವೂ ಮಗುವನ್ನು ಇನ್ನೊಂದು ಅಪಾಯದ ಹತ್ತಿರಕ್ಕೆ ತರುತ್ತದೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 13,530 ನವಜಾತ ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 14 ಮಕ್ಕಳಿಗೆ ರಕ್ತದ ನಂಜು ಕಾಣಿಸಿಕೊಂಡಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕ ಅಸಿನೆಟೋಬ್ಯಾಕ್ಟರ್ ಎಂಬ ರೋಗಾಣುವಿನ 82 ಶೇಕಡ ಮಾದರಿಗಳು ಹಲವು ಬಗೆಯ ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗಲಿಲ್ಲ. 2018ರಿಂದ 2020ರವರೆಗೆ ಭಾರತವೂ ಸೇರಿ 11 ದೇಶಗಳಲ್ಲಿ ನಂಜಿನ ಅನುಮಾನವಿದ್ದ 3,200 ಶಿಶುಗಳನ್ನು ಗಮನಿಸಿದಾಗ 200ಕ್ಕೂ ಹೆಚ್ಚು ಬಗೆಯ ಆ್ಯಂಟಿಬಯಾಟಿಕ್ ಜೋಡಣೆಗಳು ಬಳಕೆಯಲ್ಲಿದ್ದವು. ಯಾವುದು ಕೆಲಸ ಮಾಡುತ್ತದೆಂದು ಗೊತ್ತಿದ್ದರೆ ಇನ್ನೂರು ಬಗೆ ಬೇಕಾಗುತ್ತಿರಲಿಲ್ಲ.

ದೆಹಲಿಯ ಅಧ್ಯಯನದ ಇನ್ನೊಂದು ಅಂಶದ ಬಗ್ಗೆ ಸಾಕಷ್ಟು ಚರ್ಚೆ ನಡೆದಿಲ್ಲ. ನಂಜಿನ ಪ್ರಕರಣಗಳಲ್ಲಿ ಮೂರರಲ್ಲಿ ಎರಡರಷ್ಟು ಹುಟ್ಟಿದ 72 ಗಂಟೆಯೊಳಗೇ ಬಂದಿದ್ದವು, ಅದೂ ಆಸ್ಪತ್ರೆಯಲ್ಲಿ ಬೇರೂರಿದ ರೋಗಾಣುಗಳಿಂದ. ಹಾಗಾದರೆ ಅವು ಮಗುವನ್ನು ಮುಟ್ಟಿದ್ದು ಎಲ್ಲಿ? ಹೆರಿಗೆ ಮಂಚದ ಮೇಲೋ, ಹೀರುವ ಕೊಳವೆಯಲ್ಲೋ, ಒರೆಸಿದ ಬಟ್ಟೆಯಲ್ಲೋ, ಎತ್ತಿಕೊಂಡ ಕೈಯಲ್ಲೋ? ಹೆರಿಗೆ ಕೋಣೆಯ ಆಯಾಗೆ, ಸಿಸ್ಟರಿಗೆ, ಎಚ್ಚರವಾಗಿದ್ದ ಬಾಣಂತಿಗೆ ಕಂಡಷ್ಟು ಇದು ಪ್ರಯೋಗಾಲಯಕ್ಕೆ ಕಾಣುವುದಿಲ್ಲ. ಹೊಸ ಆ್ಯಂಟಿಬಯಾಟಿಕ್ ಹುಡುಕುವ ಸಂಶೋಧನೆಗೆ ಪ್ರಾಯೋಜಕರು ಸಿಕ್ಕಾರು. ಕೈ ತೊಳೆಯುವ ನಲ್ಲಿ ಎಷ್ಟು ದೂರವಿದೆ, ಪಾಳಿ ಬದಲಾಗುವ ಹೊತ್ತಿಗೆ ಏನಾಗುತ್ತದೆ ಎಂಬುದನ್ನು ಅಧ್ಯಯನ ಮಾಡಲು ಯಾರಾದರೂ ಬೇಡಿಕೆ ಇಡಬೇಕು. ಇಡದಿದ್ದರೆ, ಇಂದು ಮಕ್ಕಳನ್ನು ಉಳಿಸುತ್ತಿರುವ ಘಟಕಗಳಲ್ಲೇ ಔಷಧಿಗೆ ಬಗ್ಗದ ನಂಜು ನೆಲೆಯೂರಿ, ಗೆದ್ದದ್ದನ್ನು ಕಳೆದುಕೊಳ್ಳುತ್ತೇವೆ.

ಡಿಸ್ಚಾರ್ಜ್ ಆದ ಮೇಲಿನ ಸಾವಿನ ವಿಷಯದಲ್ಲಿ ನಮ್ಮ ಸ್ಥಿತಿ ಇನ್ನೂ ಸೂಕ್ಷ್ಮ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಮೂರನೆಯ ದಿನದಿಂದ 42ನೆಯ ದಿನದವರೆಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಹೋಗಿ ನೋಡಬೇಕು ಎಂಬ ವ್ಯವಸ್ಥೆ ಇದೆ, ಒಳ್ಳೆಯ ವ್ಯವಸ್ಥೆ. ಆದರೆ ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ. ತಾಯಿ ಕಾರ್ಡು ಗಂಡನ ಊರಿನದು, ಹೆರಿಗೆ ಒಂದು ತಾಲ್ಲೂಕಿನಲ್ಲಿ, ಮಗುವನ್ನು ಸೇರಿಸಿದ್ದು ಜಿಲ್ಲಾಸ್ಪತ್ರೆಗೆ, ಬಾಣಂತನ ಅಜ್ಜಿಯ ಮನೆಯಲ್ಲಿ. ತೀರಾ ಕಡಿಮೆ ತೂಕದ ಕೂಸನ್ನು ಹೊತ್ತು ಆ ಹುಡುಗಿ ಹೋದ ಊರಿನ ಆಶಾಗೆ ಅವಳು ಬಂದ ಸುದ್ದಿ ತಲುಪಿತೇ? ಮಗು ಹಾಲು ಕುಡಿಯುವುದು ಕಡಿಮೆ ಮಾಡಿದರೆ ಮರಳಿ ಬರಬೇಕು ಎಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದವರು ಯಾರು? ರಾತ್ರಿ ವಾಹನಕ್ಕೆ ಹಣ ಕೊಡುವ ನಿರ್ಧಾರ ಯಾರ ಕೈಯಲ್ಲಿತ್ತು? ಬಾಣಂತನ ಮಾಡಿದ ಯಾವ ಅಜ್ಜಿಯೂ ಕೂತಲ್ಲೇ ಇಂಥ ಹತ್ತು ಪ್ರಶ್ನೆ ಹೇಳಬಲ್ಲಳು. ಮಾರ್ಗಸೂಚಿ ಬರೆಯುವವರಿಗೆ ಇವು ಸಂಶೋಧನೆಯ ಪ್ರಶ್ನೆಗಳಾಗಿ ಕಾಣುವುದಿಲ್ಲ, ಆಡಳಿತದ ಚಿಲ್ಲರೆ ತೊಂದರೆಗಳಾಗಿ ಕಾಣುತ್ತವೆ. ಉಗಾಂಡದ ಆ 61 ಮಕ್ಕಳ ಸಾವಿನ ಹಿಂದೆಯೂ ಇಂಥವೇ ಇದ್ದಿರಬಹುದು.

ವಾರ್ಡಿನೊಳಗೂ ಇದೇ ಕುರುಡು. ಮಗುವಿನ ಸ್ಥಿತಿ ಬಿಗಡಾಯಿಸುವುದನ್ನು ನಾಡಿ, ಉಸಿರಾಟ ಮುಂತಾದವುಗಳಿಗೆ ಅಂಕ ಹಾಕಿ ಮೊದಲೇ ಗುರುತಿಸುವ ಒಂದು ಪದ್ಧತಿಯನ್ನು ಏಳು ದೇಶಗಳ 21 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. 2018ರ ಫಲಿತಾಂಶದಂತೆ ಒಟ್ಟು ಸಾವುಗಳು ಕಡಿಮೆಯಾಗಲಿಲ್ಲ. 2025ರಲ್ಲಿ ಮೆಲ್ಬರ್ನಿನ ಒಂದು ಅಧ್ಯಯನ ಬೇರೆ ದಾರಿ ಹಿಡಿಯಿತು. ತುರ್ತು ವಿಭಾಗಕ್ಕೆ ಬಂದ ಮಕ್ಕಳ ಹೆತ್ತವರನ್ನು, ಮಗುವಿಗೆ ಕಾಯಿಲೆ ಹೆಚ್ಚಾಗುತ್ತಿದೆ ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿತು. ಹೌದು ಎಂದವರ ಮಕ್ಕಳು ತೀವ್ರ ನಿಗಾ ಘಟಕ ಸೇರುವ ಪ್ರಮಾಣ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು. ನಾಡಿಬಡಿತ, ಉಸಿರಾಟಗಳ ಏರುಪೇರಿಗಿಂತಲೂ ಆ ಒಂದು ಮಾತು ಬಲವಾದ ಸೂಚನೆಯಾಗಿತ್ತು. ಇಂಗ್ಲೆಂಡಿನಲ್ಲಿ 2021ರಲ್ಲಿ ಹದಿಮೂರು ವರ್ಷದ ಮಾರ್ಥಾ ಮಿಲ್ಸ್ ನಂಜಿನಿಂದ ತೀರಿಕೊಂಡ ಮೇಲೆ, ಹೆತ್ತವರು ಎಚ್ಚರಿಸಿದರೂ ಕೇಳದ್ದು ಹೊರಬಿದ್ದು, ಮನೆಯವರೇ ತುರ್ತು ತಂಡವನ್ನು ಕರೆಯಬಹುದಾದ ‘ಮಾರ್ಥಾ ನಿಯಮ’ 2024ರಿಂದ ಅಲ್ಲಿನ ಆಸ್ಪತ್ರೆಗಳಿಗೆ ಬರತೊಡಗಿತು. ಯಂತ್ರಗಳಿಂದ ಮುನ್ಸೂಚನೆ ಪಡೆಯುವ ತಂತ್ರಾಂಶಗಳು ನಮ್ಮ ಆಸ್ಪತ್ರೆಗಳಿಗೂ ಬರುತ್ತಿವೆ. ತಾಯಿಯ ಮಾತನ್ನು ದಾಖಲಿಸುವ ಅಂಕಣವೇ ಕೇಸ್ ಶೀಟಿನಲ್ಲಿ ಇಲ್ಲದಿದ್ದರೆ ಯಾವ ತಂತ್ರಾಂಶವೂ ಅದನ್ನು ಕಲಿಯಲಾರದು.

ಬೇರೆ ಕಡೆಯ ಉತ್ತರಗಳನ್ನು ತಂದು ಹಾಕಿಕೊಂಡರಾಯಿತಲ್ಲ ಎನ್ನುವವರಿಗೆ ಎರಡು ಉದಾಹರಣೆ ಸಾಕು. ಜ್ವರದಿಂದ ರಕ್ತಪರಿಚಲನೆ ಕುಗ್ಗಿದ ಮಗುವಿಗೆ ವೇಗವಾಗಿ ಡ್ರಿಪ್ ಏರಿಸಬೇಕು ಎಂಬುದು ಶ್ರೀಮಂತ ದೇಶಗಳ ಐಸಿಯುಗಳಿಂದ ಬಂದ ನಿಯಮ. ಕೀನ್ಯಾ, ಟಾಂಜಾನಿಯಾ, ಉಗಾಂಡಗಳ 3,141 ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದಾಗ, 2011ರಲ್ಲಿ ಬಂದ ಫಲಿತಾಂಶ ವೈದ್ಯಲೋಕವನ್ನೇ ಅಲುಗಾಡಿಸಿತು: ವೇಗದ ಡ್ರಿಪ್ ಪಡೆದ ಮಕ್ಕಳಲ್ಲಿ 48 ಗಂಟೆಯೊಳಗೆ ಸತ್ತವರು ನೂರಕ್ಕೆ 10.5ರಷ್ಟು, ಪಡೆಯದವರಲ್ಲಿ 7.3. ಎರಡನೆಯದು ನಮ್ಮ ಬೆಳಗಾವಿಯೂ ಪಾಲ್ಗೊಂಡದ್ದು. ಅವಧಿಗೆ ಮುನ್ನ ಹೆರಿಗೆಯಾಗುವ ತಾಯಿಗೆ ಸ್ಟೆರಾಯ್ಡ್ ಕೊಟ್ಟರೆ ಮಗು ಉಳಿಯುತ್ತದೆ ಎಂಬುದು 1972ರಿಂದ ಗೊತ್ತು. ಆರು ದೇಶಗಳ ಹಳ್ಳಿ-ಪಟ್ಟಣಗಳಲ್ಲಿ ಅದರ ಬಳಕೆಯನ್ನು ಹೆಚ್ಚಿಸಿದಾಗ, 2015ರ ವರದಿಯಂತೆ ಒಟ್ಟಾರೆ ನವಜಾತ ಶಿಶುಮರಣ ಇಳಿಯುವ ಬದಲು ಏರಿತು. ಗರ್ಭದ ಅವಧಿಯನ್ನು ಸರಿಯಾಗಿ ಅಳೆದು, ನವಜಾತ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಕೊಟ್ಟಾಗ ಅದೇ ಔಷಧಿ ಮಕ್ಕಳನ್ನು ಉಳಿಸಿತು ಎಂಬುದನ್ನು 2020ರ ಪ್ರಯೋಗ ತೋರಿಸಿತು; ಅದರಲ್ಲೂ ಬೆಳಗಾವಿಯ ಪಾಲಿದೆ. ಔಷಧಿ ಒಂದೇ ಆದರೂ, ಕೊಡುವ ಜಾಗ ಬದಲಾದಾಗ ಫಲ ತಲೆಕೆಳಗಾಯಿತು. ಜಾಗವನ್ನು ಬಲ್ಲವರು ಅಲ್ಲಿ ಕೆಲಸ ಮಾಡುವವರು ಮತ್ತು ಅಲ್ಲಿ ಹೆರುವವರು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಹೆತ್ತವರಿಗೆ ತಮ್ಮ ಮಗುವಿನ ಅನುಭವ ಮಾತ್ರ ಗೊತ್ತು, ವಿರಳ ಕಾಯಿಲೆಯವರ ಕೂಗು ಜೋರಾದರೆ ಸಾಮಾನ್ಯ ಭೇದಿ, ನ್ಯುಮೋನಿಯಾಗಳು ಮೂಲೆಗೆ ಸರಿಯುತ್ತವೆ ಎನ್ನುತ್ತಾರೆ. ನಿಜ. ಅದಕ್ಕೇ ಮನೆಯವರಷ್ಟೇ ಅಲ್ಲದೆ ವೈದ್ಯರೂ ನರ್ಸುಗಳೂ ಜೊತೆಗೆ ಕೂರಬೇಕು, ಉತ್ತರ ಸಿಕ್ಕಿರುವ ಪ್ರಶ್ನೆಗಳನ್ನು ಜರಡಿ ಹಿಡಿಯಬೇಕು. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಬ್ರಿಟನ್, ಕೆನಡಾಗಳಲ್ಲೇ ಇಂಥ ಸಮೀಕ್ಷೆಗಳಿಗೆ ಉತ್ತರಿಸುವವರಲ್ಲಿ ಓದಿದ ಬಿಳಿಯ ಹೆಂಗಸರೇ ಹೆಚ್ಚು. ನಮ್ಮಲ್ಲಿ ಆನ್‌ಲೈನ್ ಫಾರಂ ಹಂಚಿದರೆ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಹೆತ್ತವರ ಪಟ್ಟಿ ತಯಾರಾದೀತು, ರಾಯಚೂರಿನ ವಲಸೆ ಕೂಲಿಯವಳ ಪಟ್ಟಿ ಅಲ್ಲ. ವೈದ್ಯರ ಎದುರು ಬಾಯಿ ತೆರೆಯಲು ಅಂಜುವವಳನ್ನು ಸಭೆಗೆ ಕರೆದು ಕೂರಿಸಿದ ಮಾತ್ರಕ್ಕೆ ಅವಳು ಮಾತಾಡುವುದಿಲ್ಲ. ಅವಳ ಭಾಷೆಯಲ್ಲಿ, ವಾರ್ಡಿನ ಹೊರಗೆ, ಅವಳಿಗೆ ಗೊತ್ತಿರುವ ಆಶಾ ಕಾರ್ಯಕರ್ತೆಯ ಮೂಲಕ ಕೇಳಬೇಕು. ಕಷ್ಟದ ಕೆಲಸ, ಆದರೆ ಹೇಗೆ ಮಾಡಬೇಕೆಂದು ಯಾರಿಗೂ ತಿಳಿಯದಷ್ಟು ಹೊಸದಲ್ಲ.

ನಮ್ಮಲ್ಲೇ ದಾರಿಗಳು ತೆರೆದಿವೆ. ಹುಟ್ಟಿದ ಕೂಡಲೇ ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಹಚ್ಚಿಡುವ ಕಾಂಗರೂ ಆರೈಕೆಯ ಪ್ರಯೋಗ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ಆಸ್ಪತ್ರೆಗಳಲ್ಲಿ ನಡೆಯಿತು. 2021ರಲ್ಲಿ ಬಂದ ಫಲಿತಾಂಶ: 28 ದಿನದೊಳಗೆ ಸತ್ತವರು ಹಳೆಯ ಪದ್ಧತಿಯಲ್ಲಿ ನೂರಕ್ಕೆ 15.7, ಇದರಲ್ಲಿ 12. ತಾಯಿ ಒಳಗೆ ಬಂದರೆ ಸೋಂಕು ತರುತ್ತಾಳೆಂದು ಬಾಗಿಲು ಹಾಕುತ್ತಿದ್ದ ಘಟಕಗಳಿಗೆ ಅದರ ಇನ್ನೊಂದು ಸಂಖ್ಯೆಯೂ ಉತ್ತರ ಹೇಳಿತು. ತಾಯಿ ಜೊತೆಗಿದ್ದ ಮಕ್ಕಳಲ್ಲಿ ನಂಜಿನ ಅನುಮಾನದ ಪ್ರಕರಣಗಳೂ ಕಡಿಮೆ. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆ ಮನೆಯವರಿಗೆ ತರಬೇತಿ ಕೊಟ್ಟು ಘಟಕದ ಆರೈಕೆಯಲ್ಲಿ ಸೇರಿಸಿಕೊಂಡಾಗಲೂ ಸೋಂಕು ಹೆಚ್ಚಲಿಲ್ಲ, ಎದೆಹಾಲು ಕುಡಿಯುವ ಮಕ್ಕಳು ಹೆಚ್ಚಿದರು. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿತು. ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ವಿಸ್ತರಿಸಿದ ಅಧ್ಯಯನದಲ್ಲಿ ನರ್ಸುಗಳು, ಆಶಾಗಳು, ಗಂಡಂದಿರು, ಅತ್ತೆಯರು ಏನು ಹೇಳುತ್ತಾರೆ ಎಂಬುದೇ ಕೆಲಸದ ತಳಹದಿಯಾಗಿತ್ತು. ಆರೈಕೆಗೆ ಕೈಗೂಡಿಸುವವರನ್ನು ಪ್ರಶ್ನೆ ಆರಿಸುವಲ್ಲಿಗೂ ಕರೆಯುವುದು ಉಳಿದಿದೆ.

ಇದಕ್ಕೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಮಕ್ಕಳ ವೈದ್ಯಕೀಯದಲ್ಲಿ ಎಂ.ಡಿ. ಮಾಡುವ ಪ್ರತಿಯೊಬ್ಬರೂ, ಮಕ್ಕಳ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಮಾಡುವವರೂ ಒಂದು ಪ್ರಬಂಧ ಬರೆಯಲೇಬೇಕು. ವಿಷಯ ನೋಂದಾಯಿಸುವ ಗಡುವು ಮೊದಲ ವರ್ಷದಲ್ಲೇ ಬರುತ್ತದೆ; ಎಷ್ಟೋ ಸಲ ಹಿಂದಿನ ಬ್ಯಾಚಿನ ವಿಷಯವನ್ನೇ ಸ್ವಲ್ಪ ತಿರುಗಿಸಿ ಕೊಡುತ್ತಾರೆ. ಸಂಶೋಧನೆಗೆ ಹಣವಿಲ್ಲ ಎನ್ನುವ ರಾಜ್ಯದಲ್ಲಿ ಇಷ್ಟೊಂದು ಎಳೆಯ ವೈದ್ಯರ, ನರ್ಸುಗಳ ಎರಡು ಮೂರು ವರ್ಷದ ದುಡಿಮೆ ಹೀಗೆ ಹರಿದುಹೋಗುತ್ತಿದೆ. ಪ್ರತಿ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗ ವರ್ಷಕ್ಕೊಮ್ಮೆ, ನೋಂದಣಿಗೆ ಮುಂಚೆ, ಹಿಂದಿನ ವರ್ಷ ದಾಖಲಾಗಿದ್ದ ಮಕ್ಕಳ ಮನೆಯವರನ್ನು, ಮಗುವನ್ನು ಕಳೆದುಕೊಂಡವರಲ್ಲಿ ಬರಲು ಒಪ್ಪುವವರನ್ನೂ ಸೇರಿಸಿ, ತನ್ನ ನರ್ಸುಗಳು, ರಾತ್ರಿಪಾಳಿಯ ಕಿರಿಯ ವೈದ್ಯರು, ಆ ಭಾಗದ ಆಶಾಗಳ ಜೊತೆ ಕೂರಿಸಬೇಕು. ದೂರದಿಂದ ಬರುವವರಿಗೆ ಬಸ್ ಖರ್ಚು, ಆ ದಿನದ ಕೂಲಿ ಕೊಡಬೇಕು. ಮಾತುಕತೆ ಕನ್ನಡದಲ್ಲಿ, ಬೀದರಿನಲ್ಲಿ ಉರ್ದುವಿನಲ್ಲೂ, ಮಂಗಳೂರಿನಲ್ಲಿ ತುಳು, ಬ್ಯಾರಿಯಲ್ಲೂ ನಡೆಯಲಿ. ಅವರು ಆರಿಸಿದ ಹತ್ತು ಪ್ರಶ್ನೆಗಳ ಪಟ್ಟಿ ವಾರ್ಡಿನ ಗೋಡೆಗೆ ಬರಲಿ, ಪ್ರತಿಯೊಂದರ ಎದುರು ಈ ವರ್ಷ ಅದನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯ ಹೆಸರು ಮತ್ತು ಉತ್ತರ ಕೊಡಬೇಕಾದ ತಿಂಗಳು ಇರಲಿ.